ಹಳೆಯ ದೋಣಿಗೆ ಹೊಸ ಪಕ್ಕೆಲುಬು

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?' ಎಂಬ ಗಾದೆಯನ್ನು ನಮ್ಮ ಹಿರಿಯರು ಮಕ್ಕಳ ಶಿಕ್ಷಣವನ್ನು ಕುರಿತು ಹೇಳಿದರು. ಆದರೆ ಆ ಮಾತನ್ನು ಮರದ ವಿಷಯದಲ್ಲಿಯೇ ಪರೀಕ್ಷಿಸಿ ನೋಡಿದರೆ, ಅದು ಒಂದು ನಿಬಂಧನೆಗೆ ಒಳಪಟ್ಟು ಮಾತ್ರ ಸತ್ಯವೆಂದು ತಿಳಿದುಬರುತ್ತದೆ. ಒಂದಂಗುಲ ದಪ್ಪದ ಓಕ್ ಮರದ ರೀಪನ್ನು ಇಬ್ಬರು ಬಲಶಾಲಿಗಳು ಹಿಡಿದು ಬಗ್ಗಿಸಹೊರಟರೆ, ಅದು ಸ್ವಲ್ಪ ಮಣಿದು, ಅವರ ತೋಳ್ಬಲಕ್ಕೆ ಎದುರುನಿಂತು, ಕೊನೆಗೆ ಚಟಾರನೆ ಮುರಿದುಹೋಗುತ್ತದೆ. ಅದೇ ಮರದ ಮತ್ತೊಂದು ರೀಪನ್ನು ಒಂದು ಗಂಟೆಯ ಕಾಲ ಕುದಿಯುವ ನೀರಿನ ಉಗಿಯಲ್ಲಿಟ್ಟು ಹೊರತೆಗೆದರೆ, ಅದು ಬಲಿತ ಮರವೆಂಬುದನ್ನು ಮರೆತಂತೆ ಕೈಗೆ ಮಣಿಯುತ್ತದೆ. ಆರಿದ ಮೇಲೆ ಬಾಗಿದ ಆಕಾರದಲ್ಲಿಯೇ ನಿಂತು, ಹಿಂದಿನ ಗಟ್ಟಿತನವನ್ನು ಬಹುಮಟ್ಟಿಗೆ ಮರಳಿ ಪಡೆಯುತ್ತದೆ.

ಉಗಿಯಲ್ಲಿ ಬೆಂದ ಮರ ಮೆತ್ತಗಾಗುತ್ತದೆ, ಆದ್ದರಿಂದ ಬಾಗುತ್ತದೆ ಎಂದು ಹೇಳಿ ಮುಗಿಸಿದರೆ ಅರ್ಧ ವಿಷಯವನ್ನು ಮಾತ್ರ ಹೇಳಿದಂತಾಯಿತು. ಬೆಂದ ಮರ ಚೆನ್ನಾಗಿ ಕುಗ್ಗಬಲ್ಲದು. ಆದರೆ ಅದು ಹಿಗ್ಗಲಾರದು. ಈ ಒಂದು ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಮರವನ್ನು ಬಾಗಿಸುವ ಕುಶಲಿಗಳ ಉಪಾಯಗಳೆಲ್ಲವೂ ಅರ್ಥವಾಗುತ್ತವೆ. ಇದನ್ನು ಹಳೆಯ ಮರದ ದೋಣಿಗೆ ಹೊಸ ಪಕ್ಕೆಲುಬುಗಳನ್ನು ಕೂಡಿಸುವ ಕೆಲಸದ ಮೂಲಕ ನೋಡೋಣ. ಅಲ್ಲಿ ತಪ್ಪಿಗೆ ದೊರೆಯುವ ಶಿಕ್ಷೆ ಬಹಳ ಕಠಿಣವಾದದ್ದು. ನೀರಿನ ಮೇಲೆ ಕುಳಿತವನ ಪ್ರಾಣ ಆ ಪಕ್ಕೆಲುಬುಗಳನ್ನು ನಂಬಿಕೊಂಡಿರುತ್ತದೆ.

ಬಾಗಿದ ಮರವೇ ಏಕೆ ಬೇಕು?

ಮರದ ದೋಣಿಯ ರಚನೆ ಪ್ರಾಣಿಯ ಅಸ್ಥಿಪಂಜರವನ್ನು ಹೋಲುತ್ತದೆ. ತಳದಲ್ಲಿ ಉದ್ದಕ್ಕೂ ಹರಿಯುವ ದಪ್ಪನೆಯ ಅಡಿದೂಲವು ಬೆನ್ನೆಲುಬು. ಅದರಿಂದ ಎರಡೂ ಕಡೆಗೆ ಏರಿ, ಹೊಟ್ಟೆಯ ಸುತ್ತ ತಿರುಗಿ, ದೋಣಿಯ ಅಂಚನ್ನು ಮುಟ್ಟುವ ತೆಳುವಾದ ಮರಗಳೇ ಪಕ್ಕೆಲುಬುಗಳು. ಅವುಗಳ ಹೊರಮೈಗೆ ಜಡಿದ ಹಲಗೆಗಳು ಚರ್ಮ. ಹಲಗೆಗಳು ದೋಣಿಯ ಉದ್ದಕ್ಕೂ ಹೋಗುತ್ತವೆ. ಪಕ್ಕೆಲುಬುಗಳು ಅವುಗಳಿಗೆ ಅಡ್ಡಲಾಗಿ ನಿಂತು ಎಲ್ಲ ಹಲಗೆಗಳನ್ನೂ ಒಂದಾಗಿ ಹಿಡಿಯುತ್ತವೆ.

ಬಾಗಿದ ಆಕಾರ ಬೇಕಾದರೆ ಅಗಲವಾದ ಹಲಗೆಯಿಂದ ಕಮಾನನ್ನು ಕೊಯ್ದುಕೊಳ್ಳಬಹುದಲ್ಲವೆ? ಕೊಯ್ಯಬಹುದು. ನಮ್ಮ ಎತ್ತಿನ ಬಂಡಿಯ ಗಾಲಿಯನ್ನು ಬಡಗಿಗಳು ಹೀಗೆಯೇ ಮಾಡುತ್ತಾರೆ: ಕಮಾನಿನಂತೆ ಕೊಯ್ದ ಹಲವು ತುಂಡುಗಳನ್ನು ಸುತ್ತಲೂ ಜೋಡಿಸಿ, ಕಾಯಿಸಿದ ಕಬ್ಬಿಣದ ಪಟ್ಟಿಯಿಂದ ಬಿಗಿಯುತ್ತಾರೆ. ಆದರೆ ಮರದ ನಾರು ನೇರವಾಗಿ ಓಡುತ್ತದೆ, ಕೊಯ್ದ ಕಮಾನು ಬಾಗುತ್ತದೆ. ಆದ್ದರಿಂದ ಕಮಾನಿನ ತುದಿಗಳಲ್ಲಿ ನಾರು ಅಡ್ಡಲಾಗಿ ತುಂಡಾಗಿಬಿಡುತ್ತದೆ. ಮರವು ನಾರಿನ ದಿಕ್ಕಿನಲ್ಲಿ ಎಷ್ಟು ಬಲವಾದುದೋ ಅದಕ್ಕೆ ಅಡ್ಡಲಾಗಿ ಅಷ್ಟೇ ದುರ್ಬಲವಾದುದು. ಸೌದೆ ಸೀಳಿದವರೆಲ್ಲರೂ ಇದನ್ನು ಬಲ್ಲರು. ಗಾಲಿಯ ತುಂಡುಗಳು ದಪ್ಪನಾಗಿರುವುದರಿಂದಲೂ, ಕಬ್ಬಿಣದ ಪಟ್ಟಿಯ ಬೆಂಬಲವಿರುವುದರಿಂದಲೂ ಈ ದೋಷವನ್ನು ತಾಳಿಕೊಳ್ಳುತ್ತವೆ. ಬೆರಳು ದಪ್ಪದ ಪಕ್ಕೆಲುಬಿಗೆ ಆ ಸೌಕರ್ಯವಿಲ್ಲ.

ಪುರಾತನರು ಬೇರೊಂದು ದಾರಿಯನ್ನು ಹಿಡಿದಿದ್ದರು. ಕಾಡಿನಲ್ಲಿ ಸಹಜವಾಗಿ ಡೊಂಕಾಗಿ ಬೆಳೆದ ಕೊಂಬೆಗಳನ್ನು ಹುಡುಕಿ ತಂದು, ಆ ಡೊಂಕಿಗೆ ಒಪ್ಪುವಂತೆ ಪಕ್ಕೆಲುಬನ್ನು ಕೆತ್ತುತ್ತಿದ್ದರು. ನಾರ್ವೆ ದೇಶದ ಗೋಕ್‌ಸ್ಟಾಡ್ ಎಂಬಲ್ಲಿ ೧೮೮೦ರಲ್ಲಿ ಮಣ್ಣಿನ ದಿಬ್ಬದಿಂದ ಹೊರತೆಗೆದ, ಒಂಬತ್ತನೆಯ ಶತಮಾನದ ಓಕ್ ನಾವೆಯಲ್ಲಿ ಈ ಬಗೆಯ ಮರಗಳನ್ನು ಕಾಣಬಹುದು. ಪ್ರಕೃತಿಯೇ ನಾರನ್ನು ಬಾಗಿಸಿ ಕೊಟ್ಟಿದ್ದರಿಂದ ಅಲ್ಲಿ ನಾರು ತುಂಡಾಗುವುದಿಲ್ಲ. ಆದರೆ ಒಂದೇ ಅಳತೆಯ ಐವತ್ತು ಡೊಂಕುಗಳನ್ನು ಯಾವ ಕಾಡೂ ಒದಗಿಸಲಾರದು. ನೇರವಾದ ಮರವನ್ನೇ ತೆಗೆದುಕೊಂಡು, ನಾರು ಎಲ್ಲಿಯೂ ಕಡಿಯದಂತೆ ಬಾಗಿಸುವುದು ಸಾಧ್ಯವಾದರೆ ಎರಡು ಲಾಭಗಳೂ ದೊರೆಯುತ್ತವೆ. ಉಗಿ ಮಾಡಿಕೊಡುವ ಉಪಕಾರ ಇದೇ.

ಒಂದು ನಿದರ್ಶನ

ಅಮೆರಿಕದ ರೋಡ್ ಐಲೆಂಡ್ ಸಂಸ್ಥಾನದ ಬ್ರಿಸ್ಟಲ್ ಪಟ್ಟಣದಲ್ಲಿ ನಥಾನಿಯಲ್ ಹೆರೆಷಾಫ್ ಎಂಬ ಪ್ರಖ್ಯಾತ ಯಂತ್ರಶಿಲ್ಪಿ ಇದ್ದನು. ಆತ ಮೊದಲು ಉಗಿಯಂತ್ರಗಳ ಕೆಲಸದಲ್ಲಿ ಪಳಗಿ, ಬಳಿಕ ತನ್ನ ಅಂಧ ಸಹೋದರನೊಡನೆ ಸೇರಿ ೧೮೭೮ರಲ್ಲಿ ದೋಣಿ ಕಟ್ಟುವ ಕಾರ್ಖಾನೆಯೊಂದನ್ನು ಸ್ಥಾಪಿಸಿದನು. ೧೯೧೪ರಲ್ಲಿ ಮಕ್ಕಳು ಹಾಯಿ ನಡೆಸುವುದನ್ನು ಕಲಿಯಲೆಂದು ಒಂದು ಚಿಕ್ಕ ದೋಣಿಯನ್ನು ಆತ ರೂಪಿಸಿದನು. ನೀರಿನ ಮಟ್ಟದಲ್ಲಿ ಅದರ ಉದ್ದ ಹನ್ನೆರಡೂವರೆ ಅಡಿ. ಅದೇ ಅದರ ಹೆಸರೂ ಆಯಿತು. ೧೯೪೩ರ ವರೆಗೆ ಆ ಕಾರ್ಖಾನೆ ಇಂಥ ಮುನ್ನೂರಕ್ಕೂ ಹೆಚ್ಚು ದೋಣಿಗಳನ್ನು ಕಟ್ಟಿತು. ಹಗುರವಾದ ಸೀಡರ್ ಮರದ ಹಲಗೆಗಳು, ಉಗಿಯಲ್ಲಿ ಬಾಗಿಸಿದ ಬಿಳಿ ಓಕ್ ಮರದ ಪಕ್ಕೆಲುಬುಗಳು, ತಳದಲ್ಲಿ ಸೀಸದ ಭಾರ—ಇವು ಅದರ ಲಕ್ಷಣ. ದೋಣಿಯನ್ನು ತಲೆಕೆಳಗಾಗಿ ಕಟ್ಟುತ್ತಿದ್ದರು. ಪ್ರತಿಯೊಂದು ಪಕ್ಕೆಲುಬಿಗೂ ಒಂದೊಂದು ಅಚ್ಚು ಇರುತ್ತಿತ್ತು. ಬಿಸಿಯಾದ ರೀಪನ್ನು ಅಚ್ಚಿನ ಮೇಲೆ ಬಾಗಿಸಿ ಬಿಗಿದರೆ ಮುಗಿಯಿತು.

ಈ ದೋಣಿಗಳಲ್ಲಿ ಅನೇಕವು ಇಂದಿಗೂ ನೀರಿನ ಮೇಲಿವೆ. ಆದರೆ ಅವುಗಳ ಪಕ್ಕೆಲುಬುಗಳು ಮಾತ್ರ ಅಷ್ಟು ಕಾಲ ಬಾಳಲಾರವು. ಸೀಸದ ಭಾರ ಅಡಿದೂಲವನ್ನು ಕೆಳಕ್ಕೆ ಎಳೆಯುತ್ತದೆ. ಹಾಯಿಗಂಬದ ಹಗ್ಗಗಳು ಪಕ್ಕಗಳನ್ನು ಮೇಲಕ್ಕೆ ಎಳೆಯುತ್ತವೆ. ಅಲೆಯೊಂದು ಬಂದಾಗಲೆಲ್ಲ ಹೊಟ್ಟೆಯ ತಿರುವಿನಲ್ಲಿ ಪಕ್ಕೆಲುಬು ಒಂದಿಷ್ಟು ಬಿಚ್ಚಿಕೊಂಡು ಮತ್ತೆ ಮುಚ್ಚಿಕೊಳ್ಳುತ್ತದೆ. ತಿರುವು ತೀಕ್ಷ್ಣವಾಗಿರುವ ಆ ಸ್ಥಳದಲ್ಲಿಯೇ ತಿರುಪು ಮೊಳೆಗಳ ರಂಧ್ರಗಳೂ ಇರುವುದರಿಂದ ಮರ ಅಲ್ಲಿ ಇನ್ನೂ ಸೊರಗಿರುತ್ತದೆ. ಇದರೊಡನೆ ಮಳೆಯ ನೀರು ತಳದಲ್ಲಿ ನಿಂತರೆ ಕೊಳೆತವೂ ಸೇರುತ್ತದೆ. ಹೀಗೆ ದಶಕಗಳು ಕಳೆದ ಮೇಲೆ ಹೊಟ್ಟೆಯ ತಿರುವಿನಲ್ಲಿ ಸಾಲಾಗಿ ಒಂದರ ಪಕ್ಕಕ್ಕೊಂದು ಪಕ್ಕೆಲುಬು ಬಿರುಕುಬಿಡುತ್ತದೆ. ಆಗ ದೋಣಿಯ ದುಂಡುತನ ಮಾಯವಾಗಿ ಹೊಟ್ಟೆ ಚಪ್ಪಟೆಯಾಗುತ್ತದೆ; ಹಲಗೆಗಳ ಸಂದುಗಳು ಬಾಯಿಬಿಟ್ಟು ನೀರು ಒಳನುಗ್ಗುತ್ತದೆ. ಹೊರಗಿನಿಂದ ನೋಡಿದವರಿಗೆ ಹಲಗೆಗಳು ಗಟ್ಟಿಯಾಗಿಯೇ ಕಾಣಬಹುದು. ಆದರೆ ಗಾಳಿ ಜೋರಾಗಿ ಬೀಸಿದ ದಿನ ಅಂಥ ದೋಣಿಯಲ್ಲಿ ಮಕ್ಕಳನ್ನು ಕಳುಹಿಸುವುದು ಯಾರಿಗೂ ಒಪ್ಪತಕ್ಕ ಮಾತಲ್ಲ.

ಮರದೊಳಗಿನ ಅರಗು

ಮರದ ಪ್ರತಿಯೊಂದು ನಾರೂ ಒಂದು ಟೊಳ್ಳಾದ ಜೀವಕೋಶ. ಅತಿ ಸಣ್ಣದಾದ ಉದ್ದ ಕೊಳವೆ. ಆ ಕೊಳವೆಯ ಗೋಡೆಯಲ್ಲಿ ಮುಖ್ಯವಾಗಿ ಮೂರು ವಸ್ತುಗಳಿವೆ. ಮೊದಲನೆಯದು ಸೆಲ್ಯುಲೋಸ್. ಇದು ದಾರದಂತೆ ಉದ್ದುದ್ದವಾದ ಅಣುಗಳ ಕಟ್ಟು. ಎಳೆತವನ್ನು ತಡೆಯುವ ಬಲವೆಲ್ಲ ಇದರದು. ಎರಡನೆಯದು ಹೆಮಿಸೆಲ್ಯುಲೋಸ್, ಇದು ನೀರನ್ನು ಸುಲಭವಾಗಿ ಹೀರಿಕೊಂಡು ಮೆದುವಾಗುತ್ತದೆ. ಮೂರನೆಯದು ಲಿಗ್ನಿನ್. ಮರದ ತೂಕದಲ್ಲಿ ಸುಮಾರು ಕಾಲುಭಾಗದಷ್ಟಿರುವ ಈ ವಸ್ತು ದಾರಗಳ ನಡುವೆ ಗಾರೆಯಂತೆ ತುಂಬಿಕೊಂಡು, ನಾರನ್ನು ನಾರಿಗೆ ಅಂಟಿಸಿ ಮರಕ್ಕೆ ಬಿಗಿತವನ್ನು ಕೊಡುತ್ತದೆ.

ಲಿಗ್ನಿನ್ನಿನ ಸ್ವಭಾವವನ್ನು ತಿಳಿಯಲು ಚನ್ನಪಟ್ಟಣದ ಬೊಂಬೆ ಮಾಡುವವರ ಕಡೆ ನೋಡಬೇಕು. ಅವರು ಬಳಸುವ ಬಣ್ಣದ ಅರಗಿನ ಕಡ್ಡಿ ತಣ್ಣಗಿರುವಾಗ ಗಾಜಿನಂತೆ ಪೆಡಸು. ಬಗ್ಗಿಸಿದರೆ ಪುಟಕ್ಕನೆ ಮುರಿಯುತ್ತದೆ. ಚರಕಿಯಲ್ಲಿ ತಿರುಗುವ ಮರಕ್ಕೆ ಒತ್ತಿ ಹಿಡಿದಾಗ ಘರ್ಷಣೆಯ ಶಾಖದಿಂದ ಮೆದುವಾಗಿ ಮರದ ಮೈಗೆ ಹರಡಿಕೊಳ್ಳುತ್ತದೆ. ತಣಿದೊಡನೆ ಮತ್ತೆ ಗಟ್ಟಿಯಾಗುತ್ತದೆ. ಲಿಗ್ನಿನ್ ಕೂಡ ಮರದೊಳಗಿನ ಅರಗು. ಆದರೆ ಒಣಗಿದ ಲಿಗ್ನಿನ್ ಮೆದುವಾಗಬೇಕಾದರೆ ಉಷ್ಣತೆ ಸುಮಾರು ೧೩೦ ರಿಂದ ೧೯೦ ಡಿಗ್ರಿ ಸೆಂಟಿಗ್ರೇಡಿನವರೆಗೆ ಏರಬೇಕು. ಅಷ್ಟು ಶಾಖಕ್ಕೆ ಮರವೇ ಕೆಡಲು ತೊಡಗುತ್ತದೆ. ನೀರನ್ನು ಹೀರಿದ ಲಿಗ್ನಿನ್ ಮಾತ್ರ ೧೦೦ ಡಿಗ್ರಿಯ ಆಸುಪಾಸಿನಲ್ಲಿ, ಕೆಲವೊಮ್ಮೆ ಅದಕ್ಕಿಂತ ಕೆಳಗೇ, ಮೆದುವಾಗುತ್ತದೆ. ನೀರಿನ ಅಣುಗಳು ಅದರ ಅಣುಗಳ ನಡುವೆ ತೂರಿ, ಅವುಗಳ ಪರಸ್ಪರ ಹಿಡಿತವನ್ನು ಸಡಿಲಿಸುವುದೇ ಇದಕ್ಕೆ ಕಾರಣ. ಒಣ ಹಪ್ಪಳ ಮುರಿಯುತ್ತದೆ, ತೇವ ತಗಲಿದ ಹಪ್ಪಳ ಬಾಗುತ್ತದೆ ಎಂಬುದನ್ನು ಮನೆಯಲ್ಲಿ ಎಲ್ಲರೂ ಕಂಡಿದ್ದೇವೆ.

ಹೀಗೆ ಶಾಖ ಮತ್ತು ತೇವ ಎರಡೂ ಒಟ್ಟಿಗೆ ಬೇಕು. ಬಿಸಿಗಾಳಿಯಲ್ಲಿಟ್ಟರೆ ಮರ ಒಣಗಿ ಇನ್ನಷ್ಟು ಪೆಡಸಾಗುತ್ತದೆ. ತಣ್ಣೀರಿನಲ್ಲಿ ನೆನೆಸಿದರೆ ಲಿಗ್ನಿನ್ ಕರಗುವ ಮಟ್ಟಕ್ಕೆ ಬರುವುದಿಲ್ಲ. ಉಗಿ ಎರಡನ್ನೂ ಒಮ್ಮೆಗೇ ಒದಗಿಸುತ್ತದೆ.

ಹಿಗ್ಗುವಿಕೆ ಮತ್ತು ಕುಗ್ಗುವಿಕೆ

ಈಗ ಬಾಗುವಿಕೆಯ ಲೆಕ್ಕವನ್ನು ನೋಡೋಣ. ಒಂದಂಗುಲ ದಪ್ಪದ ರೀಪನ್ನು, ಒಳಮೈಯ ತ್ರಿಜ್ಯ ಆರು ಅಂಗುಲವಿರುವಂತೆ ಬಾಗಿಸಬೇಕಾಗಿದೆಯೆಂದು ಇಟ್ಟುಕೊಳ್ಳಿ. ಹೊರಮೈಯ ತ್ರಿಜ್ಯ ಏಳು ಅಂಗುಲವಾಗುತ್ತದೆ. ನಡುವಿನ ಪದರದ್ದು ಆರೂವರೆ. ಕಮಾನಿನ ಉದ್ದ ತ್ರಿಜ್ಯಕ್ಕೆ ಅನುಗುಣವಾಗಿರುವುದರಿಂದ, ನಡುವಿನ ಪದರದ ಉದ್ದ ಬದಲಾಗದೆ ಉಳಿದರೆ ಹೊರಮೈ ಶೇಕಡ ೭.೭ರಷ್ಟು ಹಿಗ್ಗಬೇಕು, ಒಳಮೈ ಅಷ್ಟೇ ಕುಗ್ಗಬೇಕು. ಆದರೆ ಚೆನ್ನಾಗಿ ಬೆಂದ ಮರವೂ ನಾರಿನ ದಿಕ್ಕಿನಲ್ಲಿ ಶೇಕಡ ಒಂದೆರಡಕ್ಕಿಂತ ಹೆಚ್ಚು ಹಿಗ್ಗಲಾರದು. ಉಗಿಯ ಶಾಖಕ್ಕೆ ಮೆದುವಾದದ್ದು ಲಿಗ್ನಿನ್, ಸೆಲ್ಯುಲೋಸಿನ ದಾರವಲ್ಲ. ದಾರವನ್ನು ಎಳೆದರೆ ಅದು ಬೇಗ ತನ್ನ ಮಿತಿಯನ್ನು ಮುಟ್ಟಿ ಹರಿಯುತ್ತದೆ.

ಕುಗ್ಗುವ ವಿಷಯದಲ್ಲಿ ಸಂಗತಿಯೇ ಬೇರೆ. ಅದುಮಿದಾಗ ದಾರಗಳು ಹರಿಯಬೇಕಾಗಿಲ್ಲ. ಮೆತ್ತಗಾದ ಗಾರೆಯ ನಡುವೆ ಸೀರೆಯ ನೆರಿಗೆಗಳಂತೆ ಸಣ್ಣ ಸಣ್ಣ ಮಡಿಕೆಗಳಾಗಿ ಒತ್ತಿಕೊಂಡರೆ ಸಾಕು. ಆದ್ದರಿಂದ ಒಳ್ಳೆಯ ಜಾತಿಯ ಬೆಂದ ಮರವನ್ನು ಶೇಕಡ ೨೫ ರಿಂದ ೩೦ರವರೆಗೂ ಅದುಮಬಹುದು.

ಆದುದರಿಂದ ಸಮಸ್ಯೆಯೂ ಪರಿಹಾರವೂ ಸ್ಪಷ್ಟವಾದುವು. ಹೊರಮೈಗೆ ಹಿಗ್ಗುವ ಅವಕಾಶವನ್ನೇ ಕೊಡಬಾರದು. ಆಗಬೇಕಾದ ವ್ಯತ್ಯಾಸವೆಲ್ಲವೂ ಒಳಮೈಯ ಕುಗ್ಗುವಿಕೆಯಿಂದಲೇ ಆಗಬೇಕು. ಮೇಲಿನ ಉದಾಹರಣೆಯಲ್ಲಿ ಹೊರಮೈಯ ಉದ್ದವನ್ನು ಕಟ್ಟಿಹಾಕಿದರೆ ಒಳಮೈ ಏಳರಲ್ಲಿ ಒಂದು ಪಾಲು, ಎಂದರೆ ಶೇಕಡ ೧೪ರಷ್ಟು ಕುಗ್ಗಬೇಕಾಗುತ್ತದೆ. ಬೆಂದ ಮರಕ್ಕೆ ಇದು ಕಷ್ಟವಲ್ಲ.

ಈ ತತ್ತ್ವವನ್ನು ಕೈಗಾರಿಕೆಯಲ್ಲಿ ಸಿದ್ಧಿಗೆ ತಂದವನು ರೈನ್ ನದಿಯ ದಡದ ಬೊಪ್ಪಾರ್ಡಿನಲ್ಲಿ ೧೭೯೬ರಲ್ಲಿ ಹುಟ್ಟಿ, ವಿಯೆನ್ನಾ ನಗರದಲ್ಲಿ ನೆಲಸಿದ ಮೈಕೇಲ್ ಥೋನೆಟ್. ಮೊದಲು ಆತ ತೆಳುವಾದ ಮರದ ಪಟ್ಟಿಗಳನ್ನು ಬಾಗಿಸಿ ಅಂಟಿಸುತ್ತಿದ್ದನು. ತೇವದ ಹವೆಯಲ್ಲಿ ಅಂದಿನ ಅಂಟು ಬಿಟ್ಟುಕೊಳ್ಳುತ್ತಿತ್ತು. ಬಳಿಕ ಇಡೀ ಬೀಚ್ ಮರದ ಕೋಲಿನ ಹೊರಮೈಗೆ ಲೋಹದ ಪಟ್ಟಿಯೊಂದನ್ನು ಎರಡು ತುದಿಗಳಲ್ಲಿಯೂ ಬಿಗಿದು, ಮರವನ್ನೂ ಪಟ್ಟಿಯನ್ನೂ ಒಟ್ಟಿಗೆ ಬಾಗಿಸಿದನು. ಎಳೆತವನ್ನು ಲೋಹ ಹೊತ್ತುಕೊಂಡಿತು. ಮರ ಕುಗ್ಗುವ ಕೆಲಸವನ್ನು ಮಾತ್ರ ಮಾಡಿತು. ೧೮೫೬ರಲ್ಲಿ ಆತನಿಗೆ ಇದರ ಹಕ್ಕುಪತ್ರ ದೊರೆಯಿತು. ೧೮೫೯ರಲ್ಲಿ ಬಂದ ಆತನ ಹದಿನಾಲ್ಕನೆಯ ಸಂಖ್ಯೆಯ ಕುರ್ಚಿ ಲೋಕವಿಖ್ಯಾತವಾಯಿತು; ಬಿಚ್ಚಿಟ್ಟ ಮೂವತ್ತಾರು ಕುರ್ಚಿಗಳು ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ ಹಿಡಿಯುತ್ತಿದ್ದುವು. ಮುಂಬಯಿಯ ಹಳೆಯ ಇರಾನಿ ಹೋಟೆಲುಗಳಲ್ಲಿ ಚಹ ಕುಡಿದವರು ಈ ಬಗೆಯ ಬಾಗುಮರದ ಕುರ್ಚಿಗಳ ಮೇಲೆ ಕುಳಿತಿರುತ್ತಾರೆ.

ದೋಣಿಯ ಪಕ್ಕೆಲುಬಿನ ತಿರುವು ಸಾಮಾನ್ಯವಾಗಿ ಇಷ್ಟು ತೀಕ್ಷ್ಣವಾಗಿರುವುದಿಲ್ಲ. ಒಂದಂಗುಲ ದಪ್ಪದ ರೀಪಿಗೆ ಮೂವತ್ತು ಅಂಗುಲ ತ್ರಿಜ್ಯದ ತಿರುವಾದರೆ ಹೊರಮೈ ಹಿಗ್ಗಬೇಕಾದದ್ದು ಶೇಕಡ ೧.೬ ಮಾತ್ರ, ಇದನ್ನು ಬರಿಗೈಯಿಂದ ಸಾಧಿಸಬಹುದು. ಅದಕ್ಕಿಂತ ಬಿಗಿಯಾದ ತಿರುವಿಗೆ ಲೋಹದ ಪಟ್ಟಿಯ ಸಹಾಯ ಬೇಕು, ಇಲ್ಲವೆ ಮುಂದೆ ಹೇಳಲಿರುವ ಉಪಾಯ ಬೇಕು.

ಉಗಿಯ ಪೆಟ್ಟಿಗೆ

ಪಕ್ಕೆಲುಬುಗಳನ್ನು ಬೇಯಿಸುವ ಸಲಕರಣೆ ನಮ್ಮ ಇಡ್ಲಿಯ ಪಾತ್ರೆಯ ದೊಡ್ಡಪ್ಪನೆಂದು ಹೇಳಬಹುದು. ಹಲಗೆಗಳಿಂದ ಮಾಡಿದ ಉದ್ದನೆಯ ಪೆಟ್ಟಿಗೆ; ಒಳಗೆ ರೀಪುಗಳು ನೆಲಕ್ಕೆ ತಾಗದಂತೆ ಅಡ್ಡಕಡ್ಡಿಗಳು; ಒಂದು ಕಡೆ ನೀರು ಕುದಿಯುವ ಹಂಡೆಯಿಂದ ಬರುವ ಕೊಳವೆ; ಇನ್ನೊಂದು ಕಡೆ ಬಾಗಿಲು. ಉಗಿ ತಣಿದು ನೀರಾದದ್ದು ಹರಿದುಹೋಗಲೆಂದು ಪೆಟ್ಟಿಗೆಯನ್ನು ಸ್ವಲ್ಪ ಓರೆಯಾಗಿಡುತ್ತಾರೆ. ಪೆಟ್ಟಿಗೆಯನ್ನು ಎಂದಿಗೂ ಪೂರ್ತಿಯಾಗಿ ಮುಚ್ಚಬಾರದು. ಉಗಿಗೆ ಹೊರಬೀಳುವ ದಾರಿ ಇಲ್ಲದಿದ್ದರೆ ಒತ್ತಡ ಏರಿ ಪೆಟ್ಟಿಗೆಯೇ ಸಿಡಿಯಬಹುದು. ಇಲ್ಲಿ ಬೇಕಾದದ್ದು ೧೦೦ ಡಿಗ್ರಿಯ ಉಗಿ. ಹೆಚ್ಚಿನ ಒತ್ತಡದಿಂದ ಯಾವ ಪ್ರಯೋಜನವೂ ಇಲ್ಲ.

ಉಗಿಯ ಮಹತ್ವವೆಲ್ಲ ಅದರ ಗುಪ್ತೋಷ್ಣದಲ್ಲಿದೆ. ಒಂದು ಗ್ರಾಂ ಉಗಿ ನೀರಾಗಿ ತಣಿಯುವಾಗ ೫೪೦ ಕ್ಯಾಲೊರಿಗಳಷ್ಟು ಶಾಖವನ್ನು ಬಿಟ್ಟುಕೊಡುತ್ತದೆ. ಒಂದು ಗ್ರಾಂ ಬಿಸಿಗಾಳಿ ಹತ್ತು ಡಿಗ್ರಿಯಷ್ಟು ತಣಿದಾಗ ಕೊಡುವುದು ೨.೪ ಕ್ಯಾಲೊರಿ ಮಾತ್ರ. ಒಂದಂಗುಲ ಚೌಕದ, ಐದು ಅಡಿ ಉದ್ದದ ಓಕ್ ರೀಪು ತನ್ನ ತೇವವೂ ಸೇರಿ ಸುಮಾರು ೮೦೦ ಗ್ರಾಂ ತೂಗುತ್ತದೆ. ಅದನ್ನು ೩೦ ಡಿಗ್ರಿಯಿಂದ ೧೦೦ ಡಿಗ್ರಿಗೆ ಏರಿಸಲು ಹತ್ತಿರ ಹತ್ತಿರ ೨೭,೦೦೦ ಕ್ಯಾಲೊರಿ ಬೇಕು. ಎಂದರೆ ಸುಮಾರು ೫೦ ಗ್ರಾಂ ಉಗಿ, ಒಂದು ಸಣ್ಣ ಲೋಟದ ಅರ್ಧದಷ್ಟು ನೀರು, ಅದರ ಮೈಮೇಲೆ ತಣಿದರೆ ಸಾಕು! ಉಳಿದ ಉಗಿಯೆಲ್ಲ ಪೆಟ್ಟಿಗೆಯನ್ನು ಕಾಯಿಸುವುದಕ್ಕೂ ಸಂದುಗಳಿಂದ ಹೊರಹೋಗುವುದಕ್ಕೂ ವೆಚ್ಚವಾಗುತ್ತದೆ.

ಹಾಗಾದರೆ ಒಂದು ಗಂಟೆ ಕಾಯುವುದೇಕೆ? ಉಗಿ ಶಾಖವನ್ನು ಧಾರಾಳವಾಗಿ ಕೊಟ್ಟರೂ ಮರ ಅದನ್ನು ಒಳಕ್ಕೆ ಸಾಗಿಸುವುದು ಬಹಳ ನಿಧಾನ. ಅಂಗುಲಕ್ಕೆ ಒಂದು ಗಂಟೆ ಎಂಬುದು ದೋಣಿ ಕಟ್ಟುವವರಲ್ಲಿ ಬಳಕೆಯಲ್ಲಿರುವ ಸೂತ್ರ. ಭೌತಶಾಸ್ತ್ರದ ಲೆಕ್ಕವು ಇದಕ್ಕೆ ಒಂದು ತಿದ್ದುಪಡಿಯನ್ನು ಸೂಚಿಸುತ್ತದೆ. ಶಾಖವು ಹಲಗೆಯ ನಡುವನ್ನು ಮುಟ್ಟಲು ಬೇಕಾದ ಕಾಲ ದಪ್ಪದ ವರ್ಗಕ್ಕೆ ಅನುಗುಣವಾಗಿರುತ್ತದೆ. ದಪ್ಪ ಇಮ್ಮಡಿಯಾದರೆ ಕಾಲ ನಾಲ್ಮಡಿಯಾಗುತ್ತದೆ. ಮರದ ಉಷ್ಣವಹನ ಗುಣವನ್ನು ಹಿಡಿದು ಲೆಕ್ಕಹಾಕಿದರೆ, ಒಂದಂಗುಲದ ಹಲಗೆಯ ನಡುಭಾಗದ ಉಷ್ಣತೆ ಏರಬೇಕಾದುದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಏರಲು ಸುಮಾರು ೧೭ ನಿಮಿಷ, ಎರಡಂಗುಲಕ್ಕೆ ೬೭ ನಿಮಿಷ, ನಾಲ್ಕಂಗುಲಕ್ಕೆ ನಾಲ್ಕೂವರೆ ಗಂಟೆ ಬೇಕು. ಆದುದರಿಂದ ತೆಳುವಾದ ಪಕ್ಕೆಲುಬಿಗೆ ಬಡಗಿಯ ಸೂತ್ರ ಬೇಕಾದಷ್ಟು ಅವಕಾಶವನ್ನು ಕೊಡುತ್ತದೆ. ನಾಲ್ಕಂಗುಲದ ಹಲಗೆಗೆ ಮಾತ್ರ ಅದು ಸಾಲದಾಗುತ್ತದೆ. ಹೆಚ್ಚಾಗಿ ಬೇಯಿಸುವುದೂ ಒಳ್ಳೆಯದಲ್ಲ. ಗಂಟೆಗಟ್ಟಲೆ ಉಗಿಯಲ್ಲಿದ್ದರೆ ಹೆಮಿಸೆಲ್ಯುಲೋಸ್ ಒಡೆಯತೊಡಗಿ, ಮರ ತನ್ನ ಸತ್ತ್ವವನ್ನು ಕಳೆದುಕೊಳ್ಳುತ್ತದೆ.

ಮರದ ಆಯ್ಕೆ

ಎಲ್ಲ ಮರಗಳೂ ಬಾಗುವುದಿಲ್ಲ. ಅಮೆರಿಕದವರು ಪಕ್ಕೆಲುಬಿಗೆ ಬಿಳಿ ಓಕ್ ಮರವನ್ನು ಮೆಚ್ಚುತ್ತಾರೆ. ಅದು ಚೆನ್ನಾಗಿ ಬಾಗುವುದಲ್ಲದೆ, ಅದರ ನಾಳಗಳು ಒಂದು ಬಗೆಯ ಪೊರೆಯಿಂದ ಮುಚ್ಚಿಹೋಗಿರುವುದರಿಂದ ನೀರು ಒಳಹೋಗದು. ಮದ್ಯದ ಪೀಪಾಯಿಗಳಿಗೂ ಅದೇ ಮರ. ಕೆಂಪು ಓಕ್ ಕೂಡ ಬಾಗುತ್ತದೆ, ಆದರೆ ಅದರ ನಾಳಗಳು ತೆರೆದಿರುವುದರಿಂದ ಬೇಗ ಕೊಳೆಯುತ್ತದೆ.

ಜಾತಿಗಿಂತಲೂ ಮುಖ್ಯವಾದದ್ದು ನಾರಿನ ನೇರ. ರೀಪಿನ ಪಕ್ಕದಿಂದ ನಾರು ಓರೆಯಾಗಿ ಹೊರಬಿದ್ದಿದ್ದರೆ, ಬಾಗಿಸುವಾಗ ಅಲ್ಲಿಂದಲೇ ಸಿಬಿರೆದ್ದು ಸೀಳುತ್ತದೆ. ಗಂಟು ಇರಲೇಬಾರದು. ಬೆಳವಣಿಗೆಯ ಉಂಗುರಗಳು ದೋಣಿಯ ಹಲಗೆಗೆ ಸಮಾನಾಂತರವಾಗಿರುವಂತೆ ರೀಪನ್ನು ಇಟ್ಟುಕೊಳ್ಳುತ್ತಾರೆ. ಮರ ಹಸಿಯಾಗಿರಬೇಕು, ಇಲ್ಲವೆ ಗಾಳಿಯಲ್ಲಿ ಸ್ವಲ್ಪವೇ ಒಣಗಿರಬೇಕು. ಮೇಜುಕುರ್ಚಿಗೆಂದು ಕುಲುಮೆಯಲ್ಲಿ ಒಣಗಿಸಿದ ಮರ ಇಲ್ಲಿ ಕೆಲಸಕ್ಕೆ ಬಾರದು. ಅದನ್ನು ಒಂದು ಗಂಟೆ ಉಗಿಯಲ್ಲಿಟ್ಟರೆ ಬಿಸಿಯಾಗುತ್ತದೆಯೇ ಹೊರತು ತೇವ ಒಳಸೇರುವುದಿಲ್ಲ. ಉಗಿ ಮರಕ್ಕೆ ನೀರನ್ನು ಕುಡಿಸುವುದಕ್ಕಿಂತ ಹೆಚ್ಚಾಗಿ, ಅದರಲ್ಲಿರುವ ನೀರು ಆರಿಹೋಗದಂತೆ ಕಾಯುತ್ತದೆ.

ಕೆಲವೇ ಸೆಕೆಂಡುಗಳ ಕೆಲಸ

ಹಳೆಯ ದೋಣಿಯ ದುರಸ್ತಿ ಹೊಸ ದೋಣಿಯ ನಿರ್ಮಾಣಕ್ಕಿಂತ ನಾಜೂಕಾದದ್ದು. ಹೊಸದರಲ್ಲಿ ಅಚ್ಚು ಇರುತ್ತದೆ. ಹಳೆಯದರಲ್ಲಿ ದೋಣಿಯೇ ಅಚ್ಚು. ಆ ಅಚ್ಚು ಈಗಾಗಲೇ ವಿಕಾರವಾಗಿರುವುದರಿಂದ, ಮೊದಲು ಹೊರಗಿನಿಂದ ಆಧಾರಗಳನ್ನು ಕೊಟ್ಟು, ಮೆಲ್ಲಮೆಲ್ಲನೆ ಒತ್ತಿ, ದೋಣಿಯನ್ನು ಅದರ ಮೂಲ ಆಕಾರಕ್ಕೆ ತರಬೇಕು. ಚಪ್ಪಟೆಯಾದ ಹೊಟ್ಟೆಯ ಮೇಲೆಯೇ ಹೊಸ ಪಕ್ಕೆಲುಬನ್ನು ಬಾಗಿಸಿದರೆ ಆ ವಿಕಾರ ಶಾಶ್ವತವಾಗುತ್ತದೆ. ಹಳೆಯ ಪಕ್ಕೆಲುಬುಗಳನ್ನೆಲ್ಲ ಒಮ್ಮೆಗೇ ಕಿತ್ತುಹಾಕುವುದೂ ಸಲ್ಲದು. ಆಗ ಆಕಾರವನ್ನು ಹಿಡಿದು ನಿಲ್ಲಿಸಲು ಯಾವುದೂ ಉಳಿಯುವುದಿಲ್ಲ. ಒಂದು ಬಿಟ್ಟು ಒಂದರಂತೆ ತೆಗೆದು, ಹೊಸದನ್ನು ಕೂಡಿಸಿ, ಬಳಿಕ ಉಳಿದವುಗಳ ಸರದಿಗೆ ಬರುತ್ತಾರೆ. ಕೆಲವರು ಮುರಿದ ಪಕ್ಕೆಲುಬನ್ನು ಹಾಗೆಯೇ ಬಿಟ್ಟು ಅದರ ಪಕ್ಕದಲ್ಲಿ ಹೊಸದೊಂದನ್ನು ಜೊತೆಯಾಗಿ ನಿಲ್ಲಿಸುತ್ತಾರೆ. ಇದು ಸುಲಭ; ಆದರೆ ಎರಡರ ನಡುವಿನ ಸಂದಿನಲ್ಲಿ ನೀರು ನಿಂತು ಕೊಳೆತಕ್ಕೆ ಎಡೆಯಾಗುತ್ತದೆ.

ರೀಪು ಪೆಟ್ಟಿಗೆಯಿಂದ ಹೊರಬಂದೊಡನೆ ಕಾಲದ ಎಣಿಕೆ ಮೊದಲಾಗುತ್ತದೆ. ಒಳಹೋಗುವಾಗ ಉಪಕಾರಮಾಡಿದ ಗುಪ್ತೋಷ್ಣವೇ ಈಗ ಎದುರು ಪಕ್ಷವನ್ನು ಸೇರುತ್ತದೆ. ಬಿಸಿ ಮರದ ಮೈಯಿಂದ ಆವಿಯಾಗುವ ಪ್ರತಿಯೊಂದು ಗ್ರಾಂ ನೀರೂ ಐನೂರಕ್ಕೂ ಹೆಚ್ಚು ಕ್ಯಾಲೊರಿಗಳನ್ನು ಕದ್ದೊಯ್ಯುತ್ತದೆ. ತೆಳುವಾದ ಪಕ್ಕೆಲುಬನ್ನು ಬಾಗಿಸಲು ದೊರೆಯುವ ಸಮಯ ಇಪ್ಪತ್ತು ಮೂವತ್ತು ಸೆಕೆಂಡು. ಆದ್ದರಿಂದ ಎಲ್ಲವೂ ಮೊದಲೇ ಸಿದ್ಧವಾಗಿರಬೇಕು: ಹಿಡಿಕೆಗಳು ಕೈಗೆಟುಕುವಲ್ಲಿ, ಗುರುತುಗಳು ಹಲಗೆಯ ಮೇಲೆ, ದಪ್ಪ ಚರ್ಮದ ಕೈಚೀಲಗಳು ಕೈಯಲ್ಲಿ. ಒಬ್ಬನು ರೀಪನ್ನು ತಂದು ಕೊಡುತ್ತಾನೆ. ಇನ್ನೊಬ್ಬನು ಅದನ್ನು ಮೊಣಕಾಲಿಗೆ ಕೊಟ್ಟು ಬೇಕಾದುದಕ್ಕಿಂತ ತುಸು ಹೆಚ್ಚಾಗಿಯೇ ಬಾಗಿಸಿ, ಕೆಳತುದಿಯನ್ನು ಅಡಿದೂಲದ ಗೂಡಿನಲ್ಲಿ ಊರಿ, ಕಾಲಿನಿಂದ ಹೊಟ್ಟೆಯ ತಿರುವಿಗೆ ಮೆಟ್ಟಿ, ಮೇಲುತುದಿಯನ್ನು ಅಂಚಿಗೆ ಒತ್ತಿ ಹಿಡಿಯುತ್ತಾನೆ. ದೋಣಿಯ ಮೂತಿಯ ಕಡೆಗೆ ಹಲಗೆಗಳು ಓರೆಯಾಗುವುದರಿಂದ ರೀಪನ್ನು ಬಾಗಿಸುವುದರ ಜೊತೆಗೆ ತಿರುಚಲೂ ಬೇಕಾಗುತ್ತದೆ. ಮೇಲುತುದಿಯನ್ನು ಕೆಳಕ್ಕೆ ಗುದ್ದುತ್ತ ಬಂದರೆ ಮರ ಹಲಗೆಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಈ ಗುದ್ದಿನ ಗುಟ್ಟೂ ನಮಗೀಗ ತಿಳಿದದ್ದೆ: ಉದ್ದಕ್ಕೂ ಅದುಮಿದ ಮರದಲ್ಲಿ ಹೊರಮೈಯ ಎಳೆತ ಕಡಮೆಯಾಗುತ್ತದೆ.

ತಿರುವು ತೀರ ಬಿಗಿಯಾಗಿದ್ದರೆ ಮತ್ತೊಂದು ಉಪಾಯವಿದೆ. ರೀಪಿನ ದಪ್ಪದ ನಡುವೆ, ತಿರುವು ಬರುವ ಭಾಗದಲ್ಲಿ, ಉದ್ದಕ್ಕೆ ಗರಗಸದಿಂದ ಸೀಳುತ್ತಾರೆ. ಆಗ ಒಂದು ದಪ್ಪ ರೀಪಿನ ಬದಲು ಅರ್ಧ ದಪ್ಪದ ಎರಡು ಎಸಳುಗಳಾಗುತ್ತವೆ. ಬಾಗುವಿಕೆಗೆ ಮರ ಒಡ್ಡುವ ವಿರೋಧ ದಪ್ಪದ ಘನಕ್ಕೆ ಅನುಗುಣವಾದದ್ದು. ಅರ್ಧ ದಪ್ಪದ ಎಸಳಿನ ವಿರೋಧ ಎಂಟನೆಯ ಒಂದು ಪಾಲು, ಎರಡೂ ಸೇರಿ ಕಾಲುಭಾಗ. ಹೊರಮೈ ಹಿಗ್ಗಬೇಕಾದ ಪ್ರಮಾಣವೂ ಅರ್ಧಕ್ಕಿಳಿಯುತ್ತದೆ. ಎಸಳುಗಳು ಒಂದರ ಮೇಲೊಂದು ಜಾರುತ್ತ ಸುಲಭವಾಗಿ ತಿರುಗುತ್ತವೆ. ಆರಿದ ಮೇಲೆ ತಿರುಪುಗಳು ಅವನ್ನು ಮತ್ತೆ ಒಂದಾಗಿ ಬಿಗಿಯುತ್ತವೆ.

ಇಷ್ಟಾದರೂ ಕೆಲವು ರೀಪುಗಳು ಬಾಗಿಸುವಾಗ ಮುರಿಯುತ್ತವೆ. ಅನುಭವಸ್ಥರು ಅದಕ್ಕೆಂದೇ ಹೆಚ್ಚಿಗೆ ರೀಪುಗಳನ್ನು ಬೇಯಿಸಿಟ್ಟುಕೊಳ್ಳುತ್ತಾರೆ. ಬಿಸಿಯಿರುವಾಗ ಮುರಿದದ್ದನ್ನು ಎಸೆದು ಮತ್ತೊಂದನ್ನು ತೆಗೆದುಕೊಳ್ಳಬಹುದು. ಸಮುದ್ರದಲ್ಲಿ ಮುರಿದರೆ ಆ ಅವಕಾಶವಿಲ್ಲ. ಬಾಗುವ ಪರೀಕ್ಷೆಯಲ್ಲಿ ಗೆದ್ದ ಪಕ್ಕೆಲುಬು ತನ್ನ ನಾರಿನ ಗುಣವನ್ನು ತಾನೇ ತೋರಿಸಿಕೊಟ್ಟಂತಾಗುತ್ತದೆ.

ತಣಿದ ಮೇಲೆ ಲಿಗ್ನಿನ್ ಮರಳಿ ಗಟ್ಟಿಯಾಗಿ, ಒಳಮೈಯ ನೆರಿಗೆಗಳನ್ನು ಅಲ್ಲಿಯೇ ಹಿಡಿದಿಡುತ್ತದೆ. ಆದರೂ ಸೆಲ್ಯುಲೋಸ್ ತನ್ನ ನೇರತನವನ್ನು ಪೂರ್ತಿಯಾಗಿ ಮರೆಯುವುದಿಲ್ಲ. ಹಿಡಿಕೆಗಳನ್ನು ಬಿಚ್ಚಿದರೆ 'ಸ್ವಲ್ಪ' ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಮೊದಲು ತುಸು ಹೆಚ್ಚಾಗಿ ಬಾಗಿಸಿದ್ದು ಈ ಕಾರಣಕ್ಕೇ. ಒಂದು ದಿನ ಆರಲು ಬಿಟ್ಟು, ಹೊರಗಿನಿಂದ ಹಲಗೆಗಳ ಮೂಲಕ ತಿರುಪುಗಳನ್ನು ಹಾಕಿ ಬಿಗಿಯುತ್ತಾರೆ. ಹಲಗೆಯ ಮೇಲೆ ಹಲಗೆಯ ಅಂಚು ಹೊದೆಯುವಂತೆ ಕಟ್ಟಿದ ಉತ್ತರ ಯುರೋಪಿನ ದೋಣಿಗಳಲ್ಲಿ ತಾಮ್ರದ ಮೊಳೆಯನ್ನು ಹೊರಗಿನಿಂದ ತೂರಿಸಿ, ಒಳಗೆ ತಾಮ್ರದ ಬಿಲ್ಲೆಯನ್ನು ತೊಡಿಸಿ, ತುದಿಯನ್ನು ಬಡಿದು ಮಡಿಸುತ್ತಾರೆ. ಡೆನ್ಮಾರ್ಕ್, ಫಿನ್ಲೆಂಡ್, ಐಸ್‌ಲೆಂಡ್, ನಾರ್ವೆ, ಸ್ವೀಡನ್ ದೇಶಗಳ ಆ ದೋಣಿವಿದ್ಯೆಯನ್ನು ೨೦೨೧ರಲ್ಲಿ ಯುನೆಸ್ಕೋ ಸಂಸ್ಥೆ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮ ಕೈಯಲ್ಲಿಯೂ ಉಗಿಯ ಮರ

ಉಗಿಯಲ್ಲಿ ಬಾಗಿದ ಮರ ನಮಗೆ ಅಪರಿಚಿತವೇನೂ ಅಲ್ಲ. ರೇಷ್ಮೆಹುಳುವಿಗೆ ಸೊಪ್ಪು ಕೊಡುವ ಹಿಪ್ಪುನೇರಳೆಯ ಜಾತಿಯ ಮರವೇ ಪಂಜಾಬಿನಲ್ಲಿ ಹಾಕಿ ಕೋಲಾಗುತ್ತಿತ್ತು. ಅದರ ಡೊಂಕು ತುದಿ ಉಗಿಯಲ್ಲಿ ಬಾಗಿದ್ದು. ಕೊಡಗಿನ ಮೈದಾನಗಳಲ್ಲಿ ತಲೆಮಾರುಗಳ ಆಟಗಾರರು ಅಂಥ ಕೋಲುಗಳನ್ನು ಹಿಡಿದೇ ಆಡಿದರು. ಇಂದು ಇಂಗಾಲದ ನಾರಿನ ಕೋಲುಗಳೂ, ಗಾಜುನಾರಿನ ದೋಣಿಗಳೂ ಬಂದು ಮರದ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿವೆ. ಆದರೆ ಅವುಗಳ ತತ್ತ್ವ ಹೊಸದಲ್ಲ: ಎಳೆತವನ್ನು ತಡೆಯುವ ನಾರು, ನಾರನ್ನು ಹಿಡಿದಿಡುವ ಅಂಟು. ಮರ ಕೋಟ್ಯಂತರ ವರ್ಷಗಳಿಂದ ಇದನ್ನೇ ಮಾಡಿಕೊಂಡು ಬಂದಿದೆ.

ಆಸಕ್ತರಾದ ವಾಚಕರು ಮನೆಯಲ್ಲಿ ಒಂದು ಸಣ್ಣ ಪ್ರಯೋಗವನ್ನು ಮಾಡಿ ನೋಡಬಹುದು. ಒಂದೇ ಹಸಿಮರದಿಂದ ಸೀಳಿದ, ಕಾಲಂಗುಲ ದಪ್ಪದ, ನಾರು ನೇರವಾಗಿರುವ ಎರಡು ಕಡ್ಡಿಗಳನ್ನು ತೆಗೆದುಕೊಳ್ಳಿ. ಒಂದನ್ನು ಹಾಗೆಯೇ ಇಟ್ಟು, ಇನ್ನೊಂದನ್ನು ಇಡ್ಲಿಯ ಪಾತ್ರೆಯಲ್ಲಿ ಅರ್ಧ ಗಂಟೆ ಬೇಯಿಸಿ, ದಪ್ಪ ಬಟ್ಟೆಯಿಂದ ಹಿಡಿದು ತೆಗೆಯಿರಿ. ಎರಡನ್ನೂ ಒಂದು ಕೊಡದ ಹೊಟ್ಟೆಯ ಸುತ್ತ ಬಾಗಿಸಿ, ಬಳಿಕ ಇನ್ನೂ ಬಿಗಿಯಾಗಿ ಬಾಗಿಸುತ್ತ ಹೋಗಿ. ಬೇಯದ ಕಡ್ಡಿ ಮೊದಲು ಮುರಿಯುವುದನ್ನು ಕಾಣುವಿರಿ. ಬೆಂದದ್ದೂ ಕೊನೆಗೆ ಮುರಿಯುತ್ತದೆ; ಆಗ ಮುರಿದ ಸ್ಥಳವನ್ನು ಭೂತಕನ್ನಡಿಯಿಂದ ಪರೀಕ್ಷಿಸಿ. ಹೊರಮೈಯಲ್ಲಿ ಹರಿದ ನಾರುಗಳ ಸಿಬಿರು, ಒಳಮೈಯಲ್ಲಿ ಒತ್ತಿಕೊಂಡ ಸಣ್ಣ ನೆರಿಗೆಗಳು ಕಾಣಿಸುತ್ತವೆ. ಹಿಗ್ಗಲಾರದ್ದು ಯಾವುದು, ಕುಗ್ಗಬಲ್ಲದ್ದು ಯಾವುದು ಎಂಬುದನ್ನು ಆ ಮುರಿದ ಕಡ್ಡಿಯೇ ನಿಮಗೆ ಹೇಳುತ್ತದೆ.